‘ಮನೆಯಲ್ಲೇ ಕೂತು ಬಿಎಸ್ಸಿ ನರ್ಸಿಂಗ್ ಮಾಡಿ’ ಅಂತ ದಿನಾ ಫೋನ್ ಬರುತ್ತಿದೆ, ಸೇರಬಹುದಾ?

ಪ್ರಶ್ನೆ (ಸ್ಟಾಫ್ ನರ್ಸ್, ಹಡಪಸರ, ಪುಣೆ):

ಮೇಡಂ ನಮಸ್ಕಾರ. ನಾನು ಬೀದರ್ ಕಡೆಯವಳು. ಪಿಯುಸಿ ಆರ್ಟ್ಸ್, ಆಮೇಲೆ ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ. ಪುಣೆಗೆ ಬಂದು ನಾಲ್ಕು ವರ್ಷ ಆಯಿತು, ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಕೆಲಸ. ಇಲ್ಲಿ ಬಿಎಸ್ಸಿ ಆದವರು ಬೇಗ ಇನ್‌ಚಾರ್ಜ್ ಆಗುತ್ತಾರೆ, ನಾವು ಅವರಿಗೆ ಕೆಲಸ ಕಲಿಸಿಕೊಟ್ಟು ನೈಟ್ ಡ್ಯೂಟಿಯಲ್ಲೇ ಇರುತ್ತೇವೆ. ಆನ್‌ಲೈನ್ ಬಿಎಸ್ಸಿ ನರ್ಸಿಂಗ್ ಅಂತ ಒಂದು ವೆಬ್‌ಸೈಟ್ ನೋಡಿ ನನ್ನ ನಂಬರ್ ಹಾಕಿದೆ. ಅವತ್ತಿನಿಂದ ಫೋನ್ ನಿಂತಿಲ್ಲ. ಅಡ್ಮಿಷನ್ ಕೌನ್ಸೆಲರ್ ಅಂತ ಒಬ್ಬರು, ‘ನಿಮಗೆ ಅನುಭವ ಇದೆ, ಒಂದು ವರ್ಷ ಕಡಿಮೆ ಮಾಡಿಕೊಡುತ್ತೇವೆ, ಕ್ಲಾಸು ಮೊಬೈಲಿನಲ್ಲೇ, ಇವತ್ತು ಹತ್ತು ಸಾವಿರ ಕಟ್ಟಿದರೆ ಸ್ಕಾಲರ್‌ಶಿಪ್’ ಅನ್ನುತ್ತಾರೆ. ಇನ್ನೊಬ್ಬರು ಬೇರೆ ರಾಜ್ಯದ ಕಾಲೇಜಿನ ಹೆಸರು ಹೇಳಿ, ‘ರೆಗ್ಯುಲರ್ ಡಿಗ್ರಿನೇ ಬರುತ್ತೆ, ಆದರೆ ನೀವು ಬರೋದು ಬೇಡ, ಪರೀಕ್ಷೆಗೆ ಬಂದರೆ ಸಾಕು’ ಅನ್ನುತ್ತಾರೆ. ಕೆಲಸ ಬಿಡೋಕೆ ಆಗಲ್ಲ, ಮನೆಗೆ ದುಡ್ಡು ಕಳಿಸಬೇಕು. ಎರಡರಲ್ಲಿ ಯಾವುದು ಒಳ್ಳೇದು?

ಉತ್ತರ (ನರ್ಸಿಂಗ್ ಕಾಲೇಜಿನ ಬೋಧಕಿ, ಪುಣೆ):

ಎರಡೂ ಬೇಡಮ್ಮ. ಮೊದಲು ಅದನ್ನು ಹೇಳಿಬಿಡುತ್ತೇನೆ, ಯಾಕೆ ಅಂತ ಆಮೇಲೆ.

ನಮ್ಮ ದೇಶದಲ್ಲಿ ಆನ್‌ಲೈನ್ ಬಿಎಸ್ಸಿ ನರ್ಸಿಂಗ್ ಅಂತ ಇಲ್ಲ. ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸುಗಳ ಬಗ್ಗೆ, ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ 2020ರಲ್ಲಿ ಮಾಡಿದ ನಿಯಮದಲ್ಲಿ ಹೀಗೆ ಕಲಿಸಬಾರದ ವಿಷಯಗಳ ಪಟ್ಟಿ ಇದೆ. ಮೆಡಿಕಲ್, ಡೆಂಟಲ್, ಫಾರ್ಮಸಿ, ಫಿಸಿಯೋಥೆರಪಿ ಜೊತೆ ನರ್ಸಿಂಗ್ ಕೂಡ ಅದರಲ್ಲಿದೆ. ಕಾರಣ ನಿಮಗೆ ನಾನು ಹೇಳಬೇಕಾಗಿಲ್ಲ. ವೆಂಟಿಲೇಟರ್ ಮೇಲಿರುವ ರೋಗಿಗೆ ಸಕ್ಷನ್ ಮಾಡೋದನ್ನು ಯಾರೂ ವಿಡಿಯೋ ನೋಡಿ ಕಲಿಯಲಿಲ್ಲ, ಅಲ್ವಾ.

ನರ್ಸಿಂಗ್‌ನಲ್ಲಿ ಡಿಗ್ರಿ ಕಾಗದ ಅರ್ಧ ಕೆಲಸ ಮಾತ್ರ. ಉಳಿದ ಅರ್ಧ ಕೌನ್ಸಿಲ್ ನೋಂದಣಿ. ವಿಶ್ವವಿದ್ಯಾಲಯ ಪರೀಕ್ಷೆ ಮಾಡಿ ಡಿಗ್ರಿ ಕೊಡುತ್ತದೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್, ಅಂದರೆ ಐಎನ್‌ಸಿ, 1947ರ ಕಾಯ್ದೆ ಪ್ರಕಾರ ಕೋರ್ಸಿನ ಮಟ್ಟ ಏನಿರಬೇಕು ಅಂತ ಹೇಳುತ್ತದೆ. ರಾಜ್ಯದ ಕೌನ್ಸಿಲ್ ನಿಮ್ಮ ಹೆಸರನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತದೆ. ಈ ಮೂರರಲ್ಲಿ ಒಂದು ತಪ್ಪಿದರೂ ಆ ಡಿಗ್ರಿ ಗೋಡೆಗೆ ನೇತುಹಾಕೋಕೆ ಮಾತ್ರ. ಕೌನ್ಸೆಲರ್ ‘ಯುಜಿಸಿ ಮಾನ್ಯತೆ ಇದೆ’ ಅಂದಾಗ ಸುಳ್ಳು ಹೇಳುತ್ತಿರುವುದಿಲ್ಲ, ಆ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇರಬಹುದು. ಆದರೆ ಈ ಕೋರ್ಸಿಗೆ ಇದೆಯಾ ಅನ್ನೋದು ಬೇರೆ ಪ್ರಶ್ನೆ, ಅದನ್ನು ನೀವು ಕೇಳಬೇಕು.

ಈಗ ಎರಡನೆಯವರ ಮಾತು. ‘ಬರೋದು ಬೇಡ’ ಅನ್ನುವ ಸೀಟಿಗೆ ಏಜೆಂಟರ ಭಾಷೆಯಲ್ಲಿ ನಾನ್ ಅಟೆಂಡಿಂಗ್ ಅಂತಾರೆ. ನನಗೆ ಮೊದಲನೆಯದಕ್ಕಿಂತ ಇದೇ ಜಾಸ್ತಿ ಅಪಾಯ ಅನಿಸುತ್ತೆ, ಯಾಕಂದರೆ ಇಲ್ಲಿ ಕಾಗದ ಎಲ್ಲಾ ಸರಿಯಾಗೇ ಕಾಣುತ್ತೆ. ನೀವು ಪುಣೆಯಲ್ಲಿ ಸಂಬಳ ತಗೊಳ್ಳುತ್ತೀರಿ, ಪಿಎಫ್ ಕಟ್ಟುತ್ತಾ ಹೋಗುತ್ತದೆ, ಅದೇ ತಿಂಗಳುಗಳಲ್ಲಿ ಇನ್ನೊಂದು ರಾಜ್ಯದ ವಾರ್ಡಿನಲ್ಲಿ ನೀವು ಪೋಸ್ಟಿಂಗ್ ಮಾಡಿದಿರಿ ಅಂತ ಹಾಜರಾತಿ ಪುಸ್ತಕ ಹೇಳುತ್ತದೆ. ಇವತ್ತು ಯಾರೂ ನೋಡಲ್ಲ. ನಾಳೆ ಸರ್ಕಾರಿ ನೌಕರಿಗೆ ದಾಖಲೆ ಪರಿಶೀಲನೆ ಆಗುವಾಗ, ಇಲ್ಲಾ ಹೊರದೇಶಕ್ಕೆ ಹೋಗೋಕೆ ಅನುಭವ ಪತ್ರ ಮತ್ತು ಮಾರ್ಕ್ಸ್ ಕಾರ್ಡ್ ಎರಡನ್ನೂ ಒಂದೇ ಮೇಜಿನ ಮೇಲೆ ಇಡುವಾಗ, ತಾರೀಖು ಒಂದರ ಮೇಲೊಂದು ಬರುತ್ತದೆ. ಆಗ ನಾಲ್ಕು ವರ್ಷದ ನಿಜವಾದ ಅನುಭವಕ್ಕೂ ಬೆಲೆ ಹೋಗುತ್ತದೆ. ಮಧ್ಯಪ್ರದೇಶದಲ್ಲಿ ಏನಾಯಿತು ನೋಡಿ. ಕಾಲೇಜುಗಳಲ್ಲಿ ಅಕ್ರಮ ಇದೆ ಅನ್ನುವ ದೂರು ಬಂದು, ಹೈಕೋರ್ಟ್ ಆದೇಶದ ಮೇಲೆ ಸಿಬಿಐ 300ಕ್ಕೂ ಜಾಸ್ತಿ ನರ್ಸಿಂಗ್ ಕಾಲೇಜುಗಳನ್ನು ತಪಾಸಣೆ ಮಾಡಿತು, 2024ರಲ್ಲಿ ತಪಾಸಣೆಗೆ ಹೋದ ಅಧಿಕಾರಿಗಳಲ್ಲೇ ಕೆಲವರು ಲಂಚದ ಕೇಸಿನಲ್ಲಿ ಸಿಕ್ಕಿಬಿದ್ದರು. ನಡುವೆ ಒದ್ದಾಡಿದವರು ಪರೀಕ್ಷೆಗೆ ಕಾದು ಕೂತ ಹುಡುಗ ಹುಡುಗಿಯರು.

ನಿಮಗೆ ಸರಿಯಾದ ದಾರಿ ಪೋಸ್ಟ್ ಬೇಸಿಕ್ ಬಿಎಸ್ಸಿ, ಅಂದರೆ ಜಿಎನ್‌ಎಂ ಆದ ನರ್ಸುಗಳು ಮಾಡುವ ಬಿಎಸ್ಸಿ. ನಾಲ್ಕು ವರ್ಷದ ಬಿಎಸ್ಸಿಗೆ ಸೈನ್ಸ್ ಬೇಕು, ಆದರೆ ಜಿಎನ್‌ಎಂ ಮಾಡಿದವರು ಪೋಸ್ಟ್ ಬೇಸಿಕ್‌ಗೆ ಹೋಗುವಾಗ ಪಿಯುಸಿ ಆರ್ಟ್ಸ್ ಅಡ್ಡ ಬರಲ್ಲ. ರೆಗ್ಯುಲರ್ ಆಗಿ ಮಾಡಿದರೆ 2 ವರ್ಷ, ಕೆಲಸ ಬಿಡಬೇಕು. ಕೆಲಸ ಬಿಡದೆ ಮಾಡಬೇಕು ಅಂದರೆ ಇಗ್ನೋ, ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ. ಕಡಿಮೆ ಅಂದರೆ 3 ವರ್ಷ. ಓಪನ್‌ನೆಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಪಿಯುಸಿ ಜೊತೆ ಜಿಎನ್‌ಎಂ ಇದ್ದವರಿಗೆ ನೋಂದಣಿ ಆದಮೇಲೆ 2 ವರ್ಷದ ಅನುಭವ ಸಾಕು, ಹತ್ತನೇ ಕ್ಲಾಸಿನ ಮೇಲೆ ಜಿಎನ್‌ಎಂ ಮಾಡಿದ ಹಿರಿಯರಿಗೆ 5 ವರ್ಷ ಬೇಕು. ಇದು ದೂರಶಿಕ್ಷಣವೇ, ಆದರೆ ಆಗಲೇ ನೋಂದಣಿ ಆಗಿ ಕೆಲಸದಲ್ಲಿರುವ ನರ್ಸುಗಳಿಗೆ ಮಾತ್ರ. ಆನ್‌ಲೈನ್ ಅಂತೂ ಅಲ್ಲ, ಅದು ಗೊತ್ತಿರಲಿ. ಪುಸ್ತಕ ಮನೆಗೆ ಬರುತ್ತದೆ, ಅಸೈನ್‌ಮೆಂಟ್ ಬರೆಯಬೇಕು, ಪ್ರಾಕ್ಟಿಕಲ್‌ಗೆ ಅವರು ಹೇಳಿದ ಕೇಂದ್ರಕ್ಕೆ ಹೋಗಲೇಬೇಕು. ಆ ಸಲದ ಅಧಿಸೂಚನೆ ಬಂದಿದೆಯಾ, ನಿಮಗೆ ಯಾವ ಕೇಂದ್ರ ಸಿಗುತ್ತದೆ ಅನ್ನೋದನ್ನು ಇಗ್ನೋದ ಪುಣೆ ಪ್ರಾದೇಶಿಕ ಕೇಂದ್ರದಲ್ಲಿ ಕೇಳಿ. ಊರ ಕಡೆ ವಿಜಯಪುರದಲ್ಲೂ ಪ್ರಾದೇಶಿಕ ಕೇಂದ್ರ ಇದೆ. ಆದರೆ ಪ್ರಾಕ್ಟಿಕಲ್‌ಗೆ ರಜೆ ಹಾಕಿಕೊಂಡು ಓಡಾಡುವವರು ನೀವು, ಕೆಲಸದ ಊರಿಗೆ ಹತ್ತಿರ ಇರೋದನ್ನೇ ನೋಡಿಕೊಳ್ಳಿ.

ಮರುಪ್ರಶ್ನೆ (ಅದೇ ಸ್ಟಾಫ್ ನರ್ಸ್):

ತುಂಬಾ ಥ್ಯಾಂಕ್ಸ್ ಮೇಡಂ. ಆದರೆ ಆ ಕೌನ್ಸೆಲರ್ ತುಂಬಾ ನಯವಾಗಿ ಮಾತಾಡುತ್ತಾರೆ, ‘ಅಕ್ಕಾ ನಿಮ್ಮ ಭವಿಷ್ಯ’ ಅಂತಾರೆ, ಬೇಡ ಅನ್ನೋಕೆ ಕಷ್ಟ ಆಗುತ್ತೆ. ಏನಂತ ಹೇಳಲಿ? ಮುಂದೆ ಬೇರೆ ಕಾಲೇಜಿನವರ ಜೊತೆ ಮಾತಾಡುವಾಗ ಏನೇನು ಕೇಳಬೇಕು?

ಉತ್ತರ (ಬೋಧಕಿ):

ಆ ಹುಡುಗಿಯ ಮೇಲೆ ಸಿಟ್ಟು ಬೇಡ. ಅವಳಿಗೂ ತಿಂಗಳಿಗೆ ಇಷ್ಟು ಅಡ್ಮಿಷನ್ ಅಂತ ಟಾರ್ಗೆಟ್ ಇರುತ್ತದೆ, ತುಂಬಾ ಸಲ ಅವಳಿಗೆ ನರ್ಸಿಂಗ್ ಕೌನ್ಸಿಲ್ ಅಂದರೆ ಏನು ಅಂತಲೇ ಗೊತ್ತಿರಲ್ಲ, ಎದುರಿಗೆ ಬರೆದಿಟ್ಟಿದ್ದನ್ನು ಓದುತ್ತಾಳೆ. ಒಂದೇ ಮಾತು ಹೇಳಿ: ‘ನೀವು ಹೇಳಿದ್ದನ್ನೆಲ್ಲಾ ವಿಶ್ವವಿದ್ಯಾಲಯದ ಇಮೇಲಿನಿಂದ ಬರೆದು ಕಳಿಸಿ, ನೋಡಿ ಹೇಳುತ್ತೇನೆ.’ ಹತ್ತರಲ್ಲಿ ಒಂಬತ್ತು ಜನ ಕಳಿಸಲ್ಲ. ವಾಟ್ಸಾಪ್‌ನಲ್ಲಿ ಬಣ್ಣಬಣ್ಣದ ಪಿಡಿಎಫ್ ಬಂದರೆ ಅದು ಉತ್ತರ ಅಲ್ಲ. ಆಮೇಲೂ ಫೋನ್ ನಿಲ್ಲದಿದ್ದರೆ 1909ಕ್ಕೆ ಡಿಎನ್‌ಡಿ, ಅಂದರೆ ಜಾಹೀರಾತಿನ ಫೋನ್ ಬೇಡ ಅಂತ ಹಾಕಿಸಿ.

ಒಂದು ಗುಟ್ಟು ಹೇಳಲಾ? ಒಳ್ಳೆಯ ಕಡೆಯವರು ನಿಮಗೆ ಫೋನ್ ಮಾಡಲ್ಲ. ಇಗ್ನೋದವರು, ಸರ್ಕಾರಿ ಕಾಲೇಜಿನವರು ‘ಎರಡೇ ಸೀಟು ಉಳಿದಿದೆ ಮೇಡಂ’ ಅಂತ ಯಾರಿಗೂ ಹೇಳಿದ್ದಿಲ್ಲ. ನೀವೇ ಹತ್ತು ಸಲ ಫೋನ್ ಮಾಡಿದ ಮೇಲೆ ಕ್ಲಾರ್ಕ್ ಎತ್ತಿ, ಸ್ವಲ್ಪ ಗದರಿ, ‘ವೆಬ್‌ಸೈಟ್ ನೋಡ್ರಿ’ ಅಂತಾರೆ. ಆ ಗದರುವ ಕ್ಲಾರ್ಕ್ ಹೇಳಿದ್ದನ್ನು ನಂಬಬಹುದು. ಮರಾಠಿಯಲ್ಲಿ ಎರಡು ಮಾತಾಡಿ ನೋಡಿ, ಗದರೋದೂ ಕಡಿಮೆ ಆಗುತ್ತೆ.

ಕೇಳಬೇಕಾದ್ದು ಜಾಸ್ತಿ ಏನಿಲ್ಲ. ಡಿಗ್ರಿ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಇರುತ್ತದೆ? ಮಹಾರಾಷ್ಟ್ರದ ನರ್ಸಿಂಗ್ ಕಾಲೇಜುಗಳಲ್ಲಿ ಹೆಚ್ಚಿನವು ನಾಸಿಕ್‌ನ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ, ಕರ್ನಾಟಕದಲ್ಲಿ ಬೆಂಗಳೂರಿನ ರಾಜೀವ್ ಗಾಂಧಿ ವಿಶ್ವವಿದ್ಯಾಲಯ. ಇಲ್ಲಿ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳೂ ಇವೆ. ಹೆಸರು ಹೇಳಿದ ಮೇಲೆ ಆ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಕಾಲೇಜು ಇದೆಯಾ ಅಂತ ನೀವೇ ನೋಡಿ. ಆಮೇಲೆ ಕ್ಲಿನಿಕಲ್ ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ ಅಂತ ಕೇಳಿ. ಆಸ್ಪತ್ರೆಯ ಹೆಸರು ಹೇಳಿದರೆ ಒಂದು ಭಾನುವಾರ ಹೋಗಿ ವಾರ್ಡ್ ನೋಡಿ ಬನ್ನಿ. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಅನ್ನೋದು ಐಎನ್‌ಸಿ ಲೆಕ್ಕ, ಹಾಸಿಗೆ ಖಾಲಿ ಬಿದ್ದಿರುವ ಕಡೆ ಏನು ಕಲಿಯುತ್ತೀರಿ. ಮೂರನೆಯದು ದುಡ್ಡು. ಯಾರ ಹೆಸರಿನ ಖಾತೆಗೆ ಹೋಗುತ್ತದೆ? ವಿಶ್ವವಿದ್ಯಾಲಯ ಅಥವಾ ಕಾಲೇಜಿನ ಖಾತೆ ಬಿಟ್ಟು ಬೇರೆ ಯಾವ ‘ಸರ್ವೀಸಸ್’ ‘ಅಕಾಡೆಮಿ’ ಹೆಸರು ಬಂದರೂ ಅಲ್ಲಿಗೇ ನಿಲ್ಲಿಸಿ. ಎಡ್‌ಟೆಕ್ ಕಂಪನಿಗಳಿಗೆ ಫ್ರಾಂಚೈಸಿ ಕೊಟ್ಟು ದೂರಶಿಕ್ಷಣ ಅಥವಾ ಆನ್‌ಲೈನ್ ಕೋರ್ಸ್ ನಡೆಸುವಂತಿಲ್ಲ ಅಂತ ಯುಜಿಸಿ 2022ರಲ್ಲೇ ಎಚ್ಚರಿಸಿದೆ.

ಒರಿಜಿನಲ್ ಸರ್ಟಿಫಿಕೇಟ್ ಮಾತ್ರ ಯಾರ ಕೈಗೂ ಕೊಟ್ಟು ಬರಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ವಾಪಸ್ ತನ್ನಿ.

ಪ್ರಶ್ನೆ (ವಾಸ್ಕೊ, ಗೋವಾ):

ಮೇಡಂ, ನಮ್ಮ ತಮ್ಮನ ಹೆಂಡತಿ ಇದೇ ಥರದ ಕೋರ್ಸಿಗೆ ಆಗಲೇ ದುಡ್ಡು ಕಟ್ಟಿದ್ದಾಳೆ. ಮೊದಲು ಸ್ವಲ್ಪ ಮುಂಗಡ, ಉಳಿದಿದ್ದು ‘ಬಡ್ಡಿ ಇಲ್ಲದ ಕಂತು’ ಅಂತ ಮೊಬೈಲಿನಲ್ಲಿ ಏನೋ ಒತ್ತಿಸಿಕೊಂಡಿದ್ದಾರೆ. ಈಗ ಪ್ರತಿ ತಿಂಗಳು ಬ್ಯಾಂಕಿನಿಂದ ಕಟ್ ಆಗುತ್ತಿದೆ. ವಾಪಸ್ ಬರುತ್ತಾ?

ಉತ್ತರ (ಬೋಧಕಿ):

ಸರ್, ಅದು ಕಂತು ಅಲ್ಲ, ಸಾಲ. ಒಂದು ಫೈನಾನ್ಸ್ ಕಂಪನಿ ಪೂರ್ತಿ ಫೀಸನ್ನು ಅವರಿಗೆ ಕೊಟ್ಟಾಗಿದೆ, ನಿಮ್ಮ ತಮ್ಮನ ಹೆಂಡತಿ ಈಗ ತೀರಿಸುತ್ತಿರುವುದು ಆ ಕಂಪನಿಗೆ. ಕೋರ್ಸ್ ಬಿಟ್ಟರೂ ಸಾಲ ತಾನಾಗಿ ನಿಲ್ಲಲ್ಲ. ಸುಮ್ನೆ ಖಾತೆ ಖಾಲಿ ಇಟ್ಟರೆ ಸಾಲ ತೀರಿಸುವ ದಾಖಲೆ, ಅದೇ ಸಿಬಿಲ್, ಕೆಡುತ್ತದೆ, ಹಾಗೆ ಮಾಡಬೇಡಿ. ಮೊದಲು ಸಾಲದ ಕಾಗದ ತರಿಸಿಕೊಳ್ಳಿ. ಆರ್‌ಬಿಐ ನಿಯಮದ ಪ್ರಕಾರ ಡಿಜಿಟಲ್ ಸಾಲ ಕೊಟ್ಟವರು ತಮ್ಮ ಹೆಸರು, ಬಡ್ಡಿ, ಎಲ್ಲಾ ಖರ್ಚು ಬರೆದ ಒಂದು ಹಾಳೆ ಕೊಡಬೇಕು. ಸಾಲ ತಗೊಂಡ ಮೇಲೆ ದಂಡ ಇಲ್ಲದೆ ಹಿಂದೆ ಸರಿಯೋಕೆ ಸ್ವಲ್ಪ ದಿನದ ಅವಕಾಶವೂ ಇರುತ್ತದೆ. ನಿಮ್ಮದರಲ್ಲಿ ಅದು ದಾಟಿರಬಹುದು. ಆದರೆ ಕಾಗದದಲ್ಲಿ ಏನಿದೆ ನೋಡದೆ ಮುಂದೆ ಹೋಗಬೇಡಿ.

ದುಡ್ಡು ನಿಜವಾದ ಕಾಲೇಜಿಗೋ ವಿಶ್ವವಿದ್ಯಾಲಯಕ್ಕೋ ಹೋಗಿದ್ದರೆ ಯುಜಿಸಿಯ 2018ರ ಮರುಪಾವತಿ ನಿಯಮ ಇದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಪೂರ್ತಿ ಫೀಸು ಬರುತ್ತದೆ, ಅದರಲ್ಲಿ ಶೇ 5 ಮಾತ್ರ, ಅದೂ 5,000 ರೂಪಾಯಿ ಮೀರದ ಹಾಗೆ ಹಿಡಿದುಕೊಳ್ಳಬಹುದು. ಕೊನೆಯ 15 ದಿನದ ಒಳಗೆ ಬಿಟ್ಟರೆ ಶೇ 90, ಕೊನೆಯ ದಿನ ದಾಟಿ 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50, ಆಮೇಲೆ ಏನೂ ಇಲ್ಲ. ಅದಕ್ಕೇ ನಾಳೆ ನೋಡೋಣ ಅನ್ನದೆ ಇವತ್ತೇ ‘ಪ್ರವೇಶ ರದ್ದು ಮಾಡಿ, ಫೀಸು ವಾಪಸ್ ಕೊಡಿ’ ಅಂತ ಇಮೇಲ್ ಹಾಕಿಸಿ, ಫೈನಾನ್ಸ್ ಕಂಪನಿಗೂ ಅದರ ಪ್ರತಿ ಕಳಿಸಿ. ಫೋನಿನಲ್ಲಿ ಹೇಳಿದ್ದು ಹೇಳಿದ ಹಾಗಲ್ಲ.

ದುಡ್ಡು ಏಜೆಂಟನ ಖಾತೆಗೆ ಹೋಗಿದ್ದರೆ ಈ ನಿಯಮ ಅವನನ್ನು ಹಿಡಿಯಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಕೋರ್ಸೇ ಸುಳ್ಳು, ಆನ್‌ಲೈನ್ ಮೋಸ ಅಂತ ಅನಿಸಿದರೆ ಸೈಬರ್ ಅಪರಾಧದ ಸಹಾಯವಾಣಿ 1930. ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತು, ರಸೀದಿ ಯಾವುದನ್ನೂ ಅಳಿಸಬೇಡಿ. ಸಿಟ್ಟಿನಲ್ಲಿ ಬ್ಲಾಕ್ ಮಾಡಿ ಚಾಟ್ ಡಿಲೀಟ್ ಮಾಡುವವರೇ ಜಾಸ್ತಿ, ಆಮೇಲೆ ಕೈಯಲ್ಲಿ ಸಾಕ್ಷಿನೇ ಇರಲ್ಲ.

ಪ್ರಶ್ನೆ (ಡೊಂಬಿವಿಲಿ, ಮುಂಬೈ):

ನಮಸ್ತೆ. ನಾನೂ ಜಿಎನ್‌ಎಂ. ಅಮೆರಿಕದ ವಿಶ್ವವಿದ್ಯಾಲಯಗಳು ಬಿಎಸ್ಸಿ ನರ್ಸಿಂಗನ್ನು ಆನ್‌ಲೈನ್‌ನಲ್ಲೇ ಕೊಡುತ್ತವಂತೆ, ಇಲ್ಲಿಂದಲೇ ಮಾಡಿ ಅಂತ ಒಬ್ಬ ಕನ್ಸಲ್ಟೆಂಟ್ ಹೇಳುತ್ತಿದ್ದಾರೆ. ಅದಾದರೂ ನಡೆಯುತ್ತಾ?

ಉತ್ತರ (ಬೋಧಕಿ):

ಅಲ್ಲಿ ಅಂಥದ್ದು ಇದೆ, ನಿಜ. ಆದರೆ ಯಾರಿಗೆ ಅಂತ ನೋಡಿ. ಅದನ್ನು ಆರ್‌ಎನ್ ಟು ಬಿಎಸ್‌ಎನ್ ಅಂತಾರೆ. ಡಿಪ್ಲೊಮಾ ಇಲ್ಲಾ ಅಸೋಸಿಯೇಟ್ ಡಿಗ್ರಿ ಮಾಡಿ, ಎನ್‌ಕ್ಲೆಕ್ಸ್ ಅನ್ನುವ ಅಲ್ಲಿಯ ಲೈಸೆನ್ಸ್ ಪರೀಕ್ಷೆ ಪಾಸಾಗಿ, ಆಗಲೇ ನರ್ಸ್ ಆಗಿರುವವರು ಮುಂದೆ ಓದೋಕೆ ಮಾಡಿರೋದು. ಸೇರೋಕೆ ಸಾಮಾನ್ಯವಾಗಿ ಅಲ್ಲಿಯ ಚಾಲ್ತಿ ಲೈಸೆನ್ಸ್ ಕೇಳುತ್ತಾರೆ. ನಿಮ್ಮ ಹತ್ತಿರ ಅದಿಲ್ಲ. ಅಲ್ಲೂ ಎಲ್ಲಾ ಕೋರ್ಸೂ ಒಂದೇ ಅಲ್ಲ, ನರ್ಸಿಂಗ್ ಕೋರ್ಸುಗಳನ್ನು ನೋಡಿ ಮಾನ್ಯತೆ ಕೊಡುವ ಸಿಸಿಎನ್‌ಇ ಅಥವಾ ಎಸಿಇಎನ್ ಸಂಸ್ಥೆಯ ಮಾನ್ಯತೆ ಇದೆಯಾ ಅಂತ ಅಲ್ಲಿಯ ನರ್ಸುಗಳೂ ಮೊದಲು ನೋಡಿಕೊಳ್ಳುತ್ತಾರೆ. ಅವರಿಗೂ ಕೌನ್ಸೆಲರ್‌ಗಳ ಫೋನ್ ಕಾಟ ತಪ್ಪಿದ್ದಲ್ಲ!

ಹಾಗಾಗಿ ನೀವು ಅಮೆರಿಕ ಅಂದುಕೊಂಡಿದ್ದರೆ ಮೊದಲು ಎನ್‌ಕ್ಲೆಕ್ಸ್, ಬಿಎಸ್ಸಿ ಆಮೇಲೆ. ಸರ್ಟಿಫಿಕೇಟ್ ಮೌಲ್ಯಮಾಪನಕ್ಕೆ ಸಿಜಿಎಫ್‌ಎನ್‌ಎಸ್ ಅಂತ ಇತ್ತಲ್ಲ, 2025ರಿಂದ ಅದರ ಹೆಸರು ಟ್ರೂಮೆರಿಟ್. ಆಯಾ ರಾಜ್ಯದ ಬೋರ್ಡಿನ ನಿಯಮ ಬೇರೆಬೇರೆ, ಜಿಎನ್‌ಎಂ ಒಪ್ಪುವ ರಾಜ್ಯ ಯಾವುದು ಅಂತ ಬೋರ್ಡಿನ ಪುಟದಲ್ಲೇ ಓದಿ. ಬ್ರಿಟನ್ ಆದರೆ ಇಂಗ್ಲಿಷ್ ಪರೀಕ್ಷೆ ಬೇಕು: ಐಇಎಲ್‌ಟಿಎಸ್‌ನಲ್ಲಿ 7, ಬರವಣಿಗೆಗೆ 6.5, ಇಲ್ಲಾ ಒಇಟಿ. ಹೊರದೇಶದ ಆನ್‌ಲೈನ್ ಡಿಗ್ರಿ ತಗೊಂಡು ಇಲ್ಲಿ ಬಡ್ತಿ ಕೇಳುತ್ತೇನೆ ಅಂದರೆ ಮಾತ್ರ ದುಡ್ಡು ಹಾಕುವ ಮೊದಲು ಕೌನ್ಸಿಲ್‌ಗೆ ಬರೆದು ಕೇಳಿ. ಯುಜಿಸಿ 2025ರಲ್ಲಿ ತಂದ ವಿದೇಶಿ ಪದವಿ ಸಮಾನತೆಯ ನಿಯಮ ನರ್ಸಿಂಗ್‌ಗೆ ಅನ್ವಯ ಆಗಲ್ಲ.

ಮರುಪ್ರಶ್ನೆ (ಹಡಪಸರದ ಸ್ಟಾಫ್ ನರ್ಸ್):

ಕೊನೇದು ಒಂದು ಮೇಡಂ. ನನ್ನ ನೋಂದಣಿ ಇನ್ನೂ ಕರ್ನಾಟಕದ ಕೌನ್ಸಿಲ್‌ನಲ್ಲೇ ಇದೆ. ಆಸ್ಪತ್ರೆಯವರು ಇದುವರೆಗೆ ಕೇಳಿಲ್ಲ. ಇಗ್ನೋಗೆ ಅದು ತೊಂದರೆ ಆಗುತ್ತಾ? ಮತ್ತೆ ಮುಂದೆ ಎಂಎಸ್ಸಿ ಮಾಡಬಹುದಾ?

ಉತ್ತರ (ಬೋಧಕಿ):

ಎಂಎಸ್ಸಿಗೆ ಪೋಸ್ಟ್ ಬೇಸಿಕ್ ನಡೆಯುತ್ತೆ. ಶೇ 55 ಅಂಕ, ಒಂದು ವರ್ಷದ ಅನುಭವ ಬೇಕು. ಸುಮ್ನೆ ಪಾಸಾದರೆ ಸಾಕು ಅಂತ ಓದಬೇಡಿ.

ನೋಂದಣಿಯನ್ನು ಮಾತ್ರ ಈ ತಿಂಗಳೇ ಹಿಡಿಯಿರಿ. ಮಹಾರಾಷ್ಟ್ರದಲ್ಲಿ ಕೆಲಸ ಮಾಡುವವರು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ರೆಸಿಪ್ರೋಕಲ್ ನೋಂದಣಿ, ಅಂದರೆ ಬೇರೆ ರಾಜ್ಯದ ನೋಂದಣಿಯ ಆಧಾರದ ಮೇಲೆ ಇಲ್ಲಿಯ ನೋಂದಣಿ, ಮಾಡಿಸಿಕೊಳ್ಳಬೇಕು. ಅದಕ್ಕೆ ಬೆಂಗಳೂರಿನ ಕೌನ್ಸಿಲ್‌ನಿಂದ ನಿಮ್ಮ ದಾಖಲೆ ಪರಿಶೀಲನೆ ಆಗಿ ಬರಬೇಕು, ಅಲ್ಲೇ ತಡ ಆಗೋದು. ನಿಮ್ಮ ನವೀಕರಣ ಬಾಕಿ ಇದ್ದರೆ ಅದೂ ನಿಲ್ಲುತ್ತೆ, ಮೊದಲು ಅದನ್ನು ಮುಗಿಸಿ. ಜಿಎನ್‌ಎಂ ಸರ್ಟಿಫಿಕೇಟಿನಲ್ಲಿ, ಆಧಾರ್‌ನಲ್ಲಿ, ಹತ್ತನೇ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ಒಂದೇ ಥರ ಇದೆಯಾ ನೋಡಿ. ನಮ್ಮ ಕಡೆಯವರಿಗೆ ಒಂದರಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಅಡ್ಡಹೆಸರು, ಮದುವೆ ಆಗಿದ್ದರೆ ಮೂರನೆಯದು. ಇಲ್ಲಿಯ ಫಾರಂಗಳಲ್ಲಿ ಅಡ್ಡಹೆಸರು ಮೊದಲು ಬರೆಯುವ ರೂಢಿ ಬೇರೆ. ವ್ಯತ್ಯಾಸ ಇದ್ದರೆ ಈಗಲೇ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ಇಗ್ನೋ ಅರ್ಜಿ ಜೊತೆ ನೋಂದಣಿ ಪತ್ರ ಮತ್ತು ಅನುಭವ ಪತ್ರ ಹಾಕಬೇಕು. ಅನುಭವ ಪತ್ರವನ್ನು ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಈಗಲೇ ಕೇಳಿ. ಅರ್ಜಿಯ ಕೊನೆಯ ವಾರದಲ್ಲಿ ಕೇಳಿದರೆ ಅವರು ರಜೆಯಲ್ಲಿರುತ್ತಾರೆ.