ಅಪ್‌ಡೇಟ್: ಮೆಕ್‌ಮರ್ಡೊ ತಲುಪಿದೆ, ಮೊದಲ ದಿನ ಹೀಗಿತ್ತು

ಸಂಶೋಧಕರ ತಂಡದ ಜೊತೆ ಅಂಟಾರ್ಕ್ಟಿಕಾಗೆ ಹೊರಟ ಶಿಕ್ಷಕಿ ನಾನು, ಮೊದಲ ದಿನಕ್ಕೆ ಹೇಗೆ ತಯಾರಾಗಲಿ ಎಂದು ಕೇಳಿದ್ದೆನಲ್ಲ, ನಿನ್ನೆ ಇಲ್ಲಿನ ಅಮೆರಿಕದ ಸಂಶೋಧನಾ ಕೇಂದ್ರವಾದ ಮೆಕ್‌ಮರ್ಡೊಗೆ ಬಂದು ಇಳಿದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಚಳಿಗೆ ಸುಮ್ನೆ ಹೆದರಿದ್ದೆ. ದಪ್ಪ ಕೆಂಪು ಕೋಟು, ಬೂಟುಗಳನ್ನು ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲೇ ಕೊಟ್ಟರು. ಅಲ್ಲಿಂದ ಸಿ-17 ವಿಮಾನದಲ್ಲಿ ಸುಮಾರು 5 ಗಂಟೆ. ಮೊದಲ ಸಲ ಹವಾಮಾನ ಕೆಟ್ಟು ಅರ್ಧ ದಾರಿಯಿಂದ ವಾಪಸ್ ಬಂದೆವು. ಇಲ್ಲಿ ಇದು ಮಾಮೂಲಂತೆ. ಹಾಗಾಗಿ ಕೈಚೀಲದಲ್ಲಿ ಒಂದು ಜೊತೆ ಬಟ್ಟೆ ಇಟ್ಟುಕೊಳ್ಳಿ ಎಂದವರ ಮಾತು ನಿಜವಾಗಿಯೂ ಉಪಯೋಗಕ್ಕೆ ಬಂತು.

ಬಾಗಿಲು ತೆರೆದಾಗ ಕಂಡದ್ದು ಬರೀ ಬಿಳುಪು, ಅದರಾಚೆ 3,794 ಮೀಟರ್ ಎತ್ತರದ ಎರೆಬಸ್ ಜ್ವಾಲಾಮುಖಿ. ತುದಿಯಲ್ಲಿ ತೆಳ್ಳಗೆ ಹೊಗೆ. ಕಣ್ಣು ತುಂಬಿ ಬಂತು.

ಕಷ್ಟವಾದದ್ದು ಒಣ ಗಾಳಿ. ಗಂಟಲು ಒಣಗುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಚುರುಕ್ ಎಂದು ಶಾಕ್ ಹೊಡೆಯುತ್ತದೆ. ನೀರು ಜಾಸ್ತಿ ಕುಡಿಯಲೇಬೇಕು. ನಿದ್ದೆಯೂ ಅಷ್ಟೇ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಕೊನೆಯ ಹತ್ತಿರದವರೆಗೆ ಇಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದೆ.

ರಾತ್ರಿಯೇ ಇಲ್ಲದಿದ್ದರೆ ಅಲ್ಲಿ ಗಂಟೆ ಎಷ್ಟು ಎಂದು ಹೇಗೆ ಗೊತ್ತಾಗುತ್ತದೆ ಎಂದು ಮಕ್ಕಳು ಕೇಳಿದ್ದರು. ವಿಮಾನ, ಸಾಮಾನು ಎಲ್ಲ ನ್ಯೂಜಿಲೆಂಡ್‌ನಿಂದ ಬರುತ್ತವೆ, ಅದಕ್ಕೆ ಗಡಿಯಾರವೂ ಅಲ್ಲಿನದೇ. ಎಷ್ಟು ಒಳ್ಳೆಯ ಪ್ರಶ್ನೆ ಅಲ್ವಾ! ಮೊದಲ ಪತ್ರದಲ್ಲಿ ಇದನ್ನೇ ಬರೆಯುತ್ತಿದ್ದೇನೆ. ನಾಳೆ ಬ್ರಿಟಿಷ್ ಅನ್ವೇಷಕ ಸ್ಕಾಟ್ ಅವರ ತಂಡ 1902ರಲ್ಲಿ ಕಟ್ಟಿದ ಮರದ ಗುಡಿಸಲಿನವರೆಗೆ ನಡೆದು ಹೋಗಬೇಕು.