‘ಗುಳೆ’ಗೂ ‘ವಲಸೆ’ಗೂ ನಡುವೆ ಗೆರೆ ಎಲ್ಲಿ?

ಬಳಗದವರಿಗೆ ನಮಸ್ಕಾರ.

ಪಿಯು ಮಕ್ಕಳಿಗಾಗಿ ಒಂದು ಪಾಠ ಬರೆಯುತ್ತಿದ್ದೇನೆ: ಒಂದೇ ದೇಶದೊಳಗೆ ಜನ ಸೀಮೆಯಿಂದ ಸೀಮೆಗೆ ಯಾಕೆ ಹೋಗುತ್ತಾರೆ ಅಂತ. ಎಲ್ಲಕ್ಕೂ ‘ವಲಸೆ’ ಎಂದು ಬರೆದರೆ ಮಂಡ್ಯದ ಕಿವಿಗೆ ಒಗ್ಗುವುದಿಲ್ಲ.

ಇಲ್ಲಿಗೆ ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಆಳುಗಳು ಬರುತ್ತಾರಲ್ಲ, ಅವರಿಗೆ ಮೇಸ್ತ್ರಿ ಊರಲ್ಲೇ ಮುಂಗಡ ಕೊಟ್ಟಿರುತ್ತಾನೆ. ಗಂಡ ಹೆಂಡತಿ ಜೋಡಿಯಾಗಿ ಬಂದು, ಬಯಲಲ್ಲಿ ಟಾರ್ಪಾಲು ಕಟ್ಟಿಕೊಂಡು, ಮುಂಗಡ ಹರಿಯುವತನಕ ಕಡಿದು ವಾಪಸು ಹೋಗುತ್ತಾರೆ. ಅವರ ಬಾಯಲ್ಲಿ ಇದು ‘ಗುಳೆ’. ಮದ್ದೂರಿನ ಹುಡುಗ ಬೆಂಗಳೂರಲ್ಲಿ ಕ್ಯಾಬ್ ಓಡಿಸುತ್ತಿದ್ದರೆ ಅವನಪ್ಪ ಗುಳೆ ಅನ್ನುವುದಿಲ್ಲ, ವಲಸೆಯಂತೂ ಅನ್ನುವುದೇ ಇಲ್ಲ. ‘ಬೆಂಗ್ಳೂರು ಸೇರ್ಕಂಡವ್ನೆ’, ಅಷ್ಟೆ.

ಹಾಗಾದರೆ ಗೆರೆ ಯಾವುದು? ತಿರುಗಿ ಬರುವುದೋ, ಬರಗಾಲವೋ, ಸಾಲವೋ? ನನಗನ್ನಿಸುವುದು ಮುಂಗಡ. ಕಾಸು ಮೊದಲು ಕೈಸೇರಿ ಕಾಲು ಆಮೇಲೆ ಹೊರಟರೆ ಗುಳೆ. ಬರೀ ಮಳೆ ಕೈಕೊಟ್ಟು ಹೊರಟವರನ್ನೂ ಗುಳೆ ಹೋದರು ಅನ್ನುತ್ತಾರಾದ್ದರಿಂದ ಇದೂ ಪೂರ್ತಿ ನಿಲ್ಲುವುದಿಲ್ಲ.

ಊರು ಬಿಡಿಸುವ ಕಷ್ಟ, ಪೇಟೆಗೆ ಎಳೆಯುವ ಅನುಕೂಲ ಎಂದು ಪಠ್ಯಗಳು ವಿಂಗಡಿಸುವ ‘ತಳ್ಳುವ ಅಂಶ, ಸೆಳೆಯುವ ಅಂಶ’ವೂ ನನಗೆ ಸಾಲದು. ಮದ್ದೂರಿನವನ ಗದ್ದೆಗೆ ನಾಲೆ ನೀರು ಬರುತ್ತದೆ; ಅಣ್ಣತಮ್ಮಂದಿರ ಪಾಲಾಗಿ ಉಳಿದದ್ದು ಮಾತ್ರ ಗುಂಟೆ ಲೆಕ್ಕದಲ್ಲಿ. ಅದಕ್ಕಿಂತ ದೊಡ್ಡ ಪೇಚು, ಬೇಸಾಯಗಾರನಿಗೆ ಯಾರೂ ಹೆಣ್ಣು ಕೊಡುವುದಿಲ್ಲ. 2023ರ ಫೆಬ್ರವರಿಯಲ್ಲಿ ಈ ಸೀಮೆಯ ಮದುವೆಯಾಗದ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟದ್ದು ನೆನಪಿರಬೇಕು. ಹೆಣ್ಣು ಸಿಗಲಿ ಎಂದು ಪೇಟೆ ಸೇರುವವನನ್ನು ಊರು ತಳ್ಳಿತೋ, ಪೇಟೆ ಸೆಳೆಯಿತೋ?

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸುಮಾರು 45 ಕೋಟಿ ವಲಸಿಗರು. ಕಾರಣಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಮದುವೆ, ಅವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಹೆಂಗಸರು. ಮಂಡ್ಯ ಜಿಲ್ಲೆಯೊಳಗೇ ನಾಗಮಂಗಲದಿಂದ ಪಾಂಡವಪುರಕ್ಕೆ ಕೊಟ್ಟ ಹೆಣ್ಣೂ ಗಣತಿಯ ಲೆಕ್ಕದಲ್ಲಿ ವಲಸಿಗಳೇ! ಮದುವೆಗೋಸ್ಕರವೇ ಬೆಂಗಳೂರು ಸೇರಿದ ಗಂಡು ಮಾತ್ರ ‘ಕೆಲಸ’ದ ಕಲಮಿಗೆ ಬೀಳುತ್ತಾನೆ.

ಈಗ ಕೇಳಬೇಕಾದ್ದು ಎರಡು. ಹಳೇ ಮೈಸೂರಿನ ಹಿರಿಯರ ಮಾತಿನಲ್ಲಿ, ತಮ್ಮೂರಿನವರ ಬಗ್ಗೆಯೇ ‘ಗುಳೆ’ ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ? ಇನ್ನೊಂದು, ಸುಗ್ಗಿಗೆ ಹೋಗಿ ಬರುವವರಿಗೂ ಹೋಗಿ ನೆಲೆ ನಿಂತವರಿಗೂ ನಿಮ್ಮ ಕಡೆ ಬೇರೆ ಬೇರೆ ಪದ ಇದ್ದರೆ ತಾಲ್ಲೂಕಿನ ಹೆಸರು ಸಮೇತ ಬರೆಯಿರಿ.