ಅಗಲಿದವರ ನೋವಿಗೆ ಕೌನ್ಸೆಲಿಂಗ್: ಹೋಗಿಬಂದವರ ಮಾತು

ಚಿತ್ರದುರ್ಗದ ತಂಗಿಯೊಬ್ಬಳು ಕೇಳಿದ್ದು:
ಅಮ್ಮ ಹೋಗಿ ಹತ್ತು ತಿಂಗಳಾಯ್ತು. ಇವತ್ತಿಗೂ ಅಡುಗೆಮನೆಗೆ ಕಾಲಿಡೋಕೆ ಆಗ್ತಿಲ್ಲ. ನಿದ್ದೆಯಿಲ್ಲ, ಕೆಲಸದ ಮೇಲೆ ಮನಸ್ಸಿಲ್ಲ. ಕೌನ್ಸೆಲಿಂಗ್‌ಗೆ ಹೋಗ್ತೀನಿ ಅಂದ್ರೆ ಮನೆಯಲ್ಲಿ "ಹುಚ್ಚರ ಡಾಕ್ಟರ್ ಹತ್ರ ಯಾಕೆ, ದಿನ ಕಳೆದಂಗೆ ಸರಿಹೋಗುತ್ತೆ" ಅಂತಾರೆ. ಹೋಗಿಬಂದವರು ಯಾರಾದ್ರೂ ಇದ್ರೆ ಹೇಳಿ, ಉಪಯೋಗ ಆಗುತ್ತಾ?

ದಾವಣಗೆರೆಯಿಂದ:
ಆಗುತ್ತೆ ತಂಗೀ. ನನ್ನ ಯಜಮಾನರು ಹೋಗಿ ಮೂರು ವರ್ಷ. ಕಾರ್ಯ ಮುಗಿದ ಮೇಲೆ ಮನೆಯಲ್ಲಿ ಯಾರೂ ಅವರ ಹೆಸರೆತ್ತಲಿಲ್ಲ. ನಾನು ಅಳ್ತೀನಿ ಅಂತ ಅವರಿಗೆ ಭಯ, ಅವರು ನೊಂದ್ಕೋತಾರೆ ಅಂತ ನನಗೆ. ಸ್ಕೂಟರ್ ಕೀ ಮೊಳೆಗೆ ಹಾಕಿದ್ದು ಹಾಕಿದಂಗೇ ಇತ್ತು. ಸಂಜೆ ಆರೂಮುಕ್ಕಾಲಾದ್ರೆ ಕಿವಿ ತಾನಾಗೇ ಗೇಟಿನ ಕಡೆ ಹೋಗೋದು. ನಿದ್ದೆಯಿಲ್ಲ, ಎದೆ ಉರಿ ಅಂತ ತಿಂಗಳುಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದೆ.

ಮೊದಲು ಒಬ್ಬ ಕೌನ್ಸೆಲರ್ ಹತ್ರ ಹೋದೆ. ಹತ್ತೇ ನಿಮಿಷದಲ್ಲಿ "ಮಕ್ಕಳ ಮುಖ ನೋಡಿ ಧೈರ್ಯ ತಗೊಳ್ರಿ" ಅಂದು ಗಡಿಯಾರ ನೋಡಿದ್ರು. ಅದನ್ನ ಹೇಳೋಕೆ ನಮ್ಮ ಅತ್ತಿಗೆ ಸಾಕಿತ್ತು. ಇದೆಲ್ಲ ಇಷ್ಟೇ ಅಂದ್ಕೊಂಡು ಎರಡು ತಿಂಗಳು ಸುಮ್ಮನಾದೆ. ತಪ್ಪು ಮಾಡಿದೆ. ಒಬ್ಬರು ಹೊಂದಲಿಲ್ಲ ಅಂದ್ರೆ ಇನ್ನೊಬ್ಬರ ಹತ್ರ ಹೋಗಬೇಕಿತ್ತು.

ಎರಡನೆಯವರು ಕೂರಿಸಿ ಕೇಳಿದ ಮೊದಲ ಮಾತು, "ಅವರ ಹೆಸರೇನಮ್ಮ?" ಎಂಟು ತಿಂಗಳಾದ ಮೇಲೆ ಆ ಹೆಸರು ನನ್ನ ಬಾಯಿಂದ ಬಂತು. ಅವತ್ತು ಬರೀ ಅತ್ತೆ. ಅವರು ತಡೀಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

ಆಮೇಲೆ ವಾರಕ್ಕೊಂದು ಸಲ. ಭಾನುವಾರ ನಾವಿಬ್ಬರೂ ಹೋಗ್ತಿದ್ದ ಬೆಣ್ಣೆದೋಸೆ ಹೋಟೆಲಿನ ರಸ್ತೆಯನ್ನೇ ನಾನು ಬಿಟ್ಟಿದ್ದೆ, ಸುತ್ತು ಹಾಕಿಕೊಂಡು ಓಡಾಡ್ತಿದ್ದೆ. "ಒಳಗೆ ಹೋಗೋದು ಬೇಡ, ಮುಂದೆ ಹಾದುಬನ್ನಿ ಸಾಕು" ಅಂದ್ರು. ಮುಂದಿನ ವಾರ ಬಾಗಿಲ ತನಕ. ಮೂರನೇ ವಾರ ಮಗಳ ಜೊತೆ ಒಳಗೆ ಕೂತೆ. ಕಾವಲಿ ಮೇಲೆ ಬೆಣ್ಣೆ ಕರಗೋ ವಾಸನೆಗೆ ಕಣ್ಣು ತುಂಬಿತು, ಆದ್ರೂ ದೋಸೆ ತಿಂದೆ. ಚಟ್ನಿಗೆ ಖಾರ ಸಾಲದು ಅಂತ ಯಜಮಾನರು ಗೊಣಗ್ತಿದ್ದದ್ದನ್ನ ಮಗಳಿಗೆ ಹೇಳಿದೆ. ನಿಮ್ಮ ಅಡುಗೆಮನೆಗೂ ಇಂಥದೇ ದಾರಿ ಸಿಗಬಹುದು.

ದುಃಖ ಕಾಯಿಲೆ ಅಲ್ಲ ಅಂತ ಆ ಕೌನ್ಸೆಲರೇ ಹೇಳಿದ್ರು. ಆದ್ರೆ ಆರು ತಿಂಗಳು ದಾಟಿದ ಮೇಲೂ ಹಿಡಿತ ಸಡಿಲದೆ, ದಿನದ ಬದುಕೇ ನಿಂತುಹೋದ್ರೆ ಅದಕ್ಕೆ ಚಿಕಿತ್ಸೆ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲೂ ಈ ದೀರ್ಘಕಾಲದ ಶೋಕ ಇದೆ. ಮನೆಯವರಿಗೆ ಇದನ್ನೇ ಹೇಳಿ.

ಹೊಳಲ್ಕೆರೆಯಿಂದ:
ನನ್ನ ತಮ್ಮ ಅಪಘಾತದಲ್ಲಿ ಹೋದ. ಗಂಡಸು ಅಂತ ಒಂದು ಹನಿ ಅಳಲಿಲ್ಲ, ಕುಡಿಯೋಕೆ ಶುರು ಮಾಡಿದೆ. ಒಂದು ರಾತ್ರಿ ಎರಡು ಗಂಟೆಗೆ 14416ಕ್ಕೆ ಫೋನ್ ಮಾಡಿದೆ. ಟೆಲಿ ಮನಸ್ ಅಂತ, ಮನಸ್ಸಿನ ಕಷ್ಟ ಹೇಳ್ಕೊಳ್ಳೋಕೆ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಮುಖ ತೋರಿಸಬೇಕಿಲ್ಲದ್ದಕ್ಕೇ ಬಾಯಿ ಬಿಟ್ಟೆ. ಅವರೇ ಆಸ್ಪತ್ರೆಗೆ ಹೋಗು ಅಂದ್ರು. ಮನೋಚೈತನ್ಯ ಅಂತ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರೋ ವ್ಯವಸ್ಥೆ ಇದೆ, ವಿಚಾರಿಸಿಕೊಂಡು ಹೋಗಿ. ಮಾತ್ರೆ ಬರೆಯೋರು ಮನೋವೈದ್ಯರು, ಕೂರಿಸಿ ಮಾತಾಡಿಸೋರು ಆಪ್ತಸಮಾಲೋಚಕರು. ನನಗೆ ಎರಡೂ ಬೇಕಾಯ್ತು. ಸಾಯಬೇಕು ಅನ್ನೋ ಯೋಚನೆ ಬಂದ್ರೆ ಮಾತ್ರ ಮಂಗಳವಾರ ಕಾಯಬೇಡಿ, ಆ ಗಳಿಗೆಗೇ ಫೋನ್ ಮಾಡಿ.

ಮತ್ತೆ ದಾವಣಗೆರೆಯಿಂದ:
ತಂಗೀ, ಒಂದು ಮರೆತೆ. ಮೊದಲ ದಿನ ಹೋಗುವಾಗ ಅಮ್ಮನ ಫೋಟೋ ಒಂದು ಇಟ್ಕೊಂಡು ಹೋಗು. ಹೆಸರು ಕೇಳಿದಾಗ ಬಾಯಿ ಬರದಿದ್ರೆ ತೋರಿಸಬಹುದು.